ಆಡಬೇಕಾ, ಬಿಡಬೇಕಾ? ಟಿವಿ ಕ್ವಿಜ್ ಶೋಗಳಿಗೆ ಸಂಭವನೀಯತೆಯ ಸಮಗ್ರ ಮಾರ್ಗದರ್ಶಿ

ಟಿವಿ ಕ್ವಿಜ್ ನೋಡುತ್ತಾ "ಅಯ್ಯೋ, ಸುಮ್ನೆ ದುಡ್ಡು ತಗೊಂಡು ಎದ್ದು ಹೋಗಬಾರದಿತ್ತಾ" ಅಂತ ಸ್ಪರ್ಧಿಯನ್ನು ಬೈಯದವರು ಯಾರಿದ್ದಾರೆ? ಸರಿ ಉತ್ತರ ಪರದೆ ಮೇಲೆ ಬಂದ ಮೇಲೆ ಬೈಯುವುದು ಸುಲಭ. ಆದರೆ ನಿರ್ಧಾರ ಸರಿಯಿತ್ತಾ ಇಲ್ಲವಾ ಅನ್ನುವುದನ್ನು ಆ ಉತ್ತರ ಹೇಳುವುದಿಲ್ಲ. 90 ಪರ್ಸೆಂಟ್ ಖಾತ್ರಿ ಇಟ್ಟುಕೊಂಡು ಆಡಿ ಸೋತವರ ನಿರ್ಧಾರ ಸರಿಯೇ ಇರಬಹುದು. ಕಣ್ಣು ಮುಚ್ಚಿ ಗೆಸ್ ಹೊಡೆದು ಗೆದ್ದವರದು ಶುದ್ಧ ಅವಿವೇಕ ಇರಬಹುದು.

ಇದು ಸಾಮಾನ್ಯ ಜ್ಞಾನ ಹೆಚ್ಚಿಸುವ ಗೈಡ್ ಅಲ್ಲ. ತಲೆಯಲ್ಲಿ ಈಗ ಎಷ್ಟಿದೆಯೋ ಅಷ್ಟರಲ್ಲೇ ಜಾಸ್ತಿ ಗೆಲ್ಲುವುದು ಹೇಗೆ ಅನ್ನುವುದು ಇಲ್ಲಿನ ವಿಷಯ. ನನ್ನ ವಾದ ಇಷ್ಟೇ: ಲೆಕ್ಕವೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು. ದೀಪ, ಸಂಗೀತ, ನಿರೂಪಕರ ದಿಟ್ಟ ನೋಟ ಇವುಗಳ ನಡುವೆ ಭಾಗಾಕಾರ ಆಗುವುದಿಲ್ಲ. ಹಾಟ್ ಸೀಟ್‌ನಲ್ಲಿ ಕೂತಾಗ ಎರಡು ಸಂಖ್ಯೆ ಹೋಲಿಸುವ ಕೆಲಸ ಮಾತ್ರ ಉಳಿದಿರಬೇಕು.

ಹಂತ 1: ಮೊದಲು ಗೆರೆ ಎಳೆದುಕೊಳ್ಳಿ

ಆ ಎರಡರಲ್ಲಿ ಮೊದಲ ಸಂಖ್ಯೆಯನ್ನು 'ಗೆರೆ' ಅನ್ನೋಣ. ನಿಮ್ಮ ಖಾತ್ರಿ ಗೆರೆಗಿಂತ ಮೇಲಿದ್ದರೆ ಆಡಬೇಕು, ಕೆಳಗಿದ್ದರೆ ಬಿಡಬೇಕು. ಸೂತ್ರ ಒಂದೇ ಸಾಲು:

(ಈಗ ಕೈಯಲ್ಲಿರುವುದು − ಸೋತರೆ ಸಿಗುವುದು) ÷ (ಗೆದ್ದರೆ ಸಿಗುವುದು − ಸೋತರೆ ಸಿಗುವುದು)

ಉದಾಹರಣೆಗೆ 1998ರಲ್ಲಿ ಬ್ರಿಟನ್‌ನಲ್ಲಿ ಶುರುವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ತಗೊಳ್ಳೋಣ. 'ಕೌನ್ ಬನೇಗಾ ಕರೋಡ್‌ಪತಿ', 'ಕನ್ನಡದ ಕೋಟ್ಯಧಿಪತಿ' ಎಲ್ಲ ಇದೇ ಅಚ್ಚಿನಲ್ಲಿ ಬಂದವು. ಮೂಲ ಆಟದಲ್ಲಿ 15 ಪ್ರಶ್ನೆ. 1,000 ಪೌಂಡ್ ಮತ್ತು 32,000 ಪೌಂಡ್ ಸೇಫ್ ಹಂತಗಳು. ಅವನ್ನು ದಾಟಿದ ಮೇಲೆ ತಪ್ಪು ಹೇಳಿದರೂ ಅಷ್ಟು ದುಡ್ಡು ಎಲ್ಲೂ ಹೋಗುವುದಿಲ್ಲ. 32,000 ದಾಟಿದ ಮೇಲಿನ ಗೆರೆಗಳು ಹೀಗಿವೆ:

32,000ದಿಂದ 64,000ಕ್ಕೆ: 0 ಪರ್ಸೆಂಟ್
64,000ದಿಂದ 1,25,000ಕ್ಕೆ: ಸುಮಾರು 34
1,25,000ದಿಂದ 2,50,000ಕ್ಕೆ: ಸುಮಾರು 43
2,50,000ದಿಂದ 5,00,000ಕ್ಕೆ: ಸುಮಾರು 47
5,00,000ದಿಂದ 10,00,000ಕ್ಕೆ: ಸುಮಾರು 48

ಮೊದಲ ಸಾಲು ಕಣ್ಣಿಗೆ ಬಿತ್ತಾ? ಸೇಫ್ ಹಂತ ಮುಟ್ಟಿದ ಕೂಡಲೇ ಬರುವ ಪ್ರಶ್ನೆಗೆ ಉತ್ತರ ಹೇಳಲು ಏನೂ ಖರ್ಚಿಲ್ಲ. ಆ ಪ್ರಶ್ನೆಯಲ್ಲಿ ಆಟ ಬಿಡುವುದಕ್ಕೆ ಯಾವ ಕಾರಣವೂ ಇಲ್ಲ. ಉತ್ತರದ ಗಂಧಗಾಳಿ ಇಲ್ಲದಿದ್ದರೂ ಯಾವುದಾದರೊಂದನ್ನು ಲಾಕ್ ಮಾಡಿ. ಎರಡನೇ ಸಾಲೂ ಗಮನಿಸಬೇಕಾದ್ದೇ. ಮೂರು ಆಪ್ಷನ್‌ಗಳಲ್ಲಿ ಒಂದು ಅನ್ನುವಷ್ಟು ಸುಳಿವು ಸಿಕ್ಕಿದರೂ ಗೆರೆಯ ಹತ್ತಿರ ಬಂದಿರುತ್ತೀರಿ.

ನಿಮ್ಮ ಶೋದ ಮೊತ್ತಗಳನ್ನು ಹಾಕಿ ಇಂಥದ್ದೇ ಪಟ್ಟಿ ಮಾಡಿ ಬಾಯಿಪಾಠ ಮಾಡಿಕೊಳ್ಳಿ. ಸರಿ ಉತ್ತರ ಕೊಟ್ಟರೆ ಮೊತ್ತದ ಜೊತೆಗೆ ಮುಂದಿನ ಪ್ರಶ್ನೆ ನೋಡುವ ಅವಕಾಶವೂ ಸಿಗುತ್ತದೆ. ಅದಕ್ಕೂ ಒಂದಿಷ್ಟು ಬೆಲೆ ಇರುವುದರಿಂದ ನಿಜವಾದ ಗೆರೆ ಇದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಕೊನೇ ಪ್ರಶ್ನೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಹಂತ 2: ದುಡ್ಡಿನ ತೂಕ ಸೇರಿಸಿ

ಐದು ಲಕ್ಷ ಪೌಂಡ್ ಕೈಯಲ್ಲಿದೆ, 50 ಪರ್ಸೆಂಟ್ ಖಾತ್ರಿ ಇದೆ. ಪಟ್ಟಿ ನೋಡಿದರೆ ಆಡಬೇಕು. ಆದರೆ ನಿಜವಾಗಿ ಆಡುತ್ತೀರಾ? ನಾನಂತೂ ಆಡುವುದಿಲ್ಲ. ಇದು ಪುಕ್ಕಲುತನವೂ ಅಲ್ಲ. ಮೊದಲ ಐದು ಲಕ್ಷ ಬದುಕನ್ನೇ ಬದಲಿಸುತ್ತದೆ. ಎರಡನೇ ಐದು ಲಕ್ಷ ಅಷ್ಟು ಬದಲಿಸುವುದಿಲ್ಲ.

ಈ ಮಾತನ್ನು ಲೆಕ್ಕಕ್ಕೆ ತಂದವರು 18ನೇ ಶತಮಾನದ ಗಣಿತಜ್ಞರು. 1728ರಲ್ಲಿ ಗೇಬ್ರಿಯಲ್ ಕ್ರಾಮರ್ ಒಂದು ಪತ್ರದಲ್ಲಿ ದುಡ್ಡಿನ ಬೆಲೆಯನ್ನು ಅದರ ವರ್ಗಮೂಲದಿಂದ ಅಳೆಯಬಹುದು ಅಂದರು. 1738ರಲ್ಲಿ ಡೇನಿಯಲ್ ಬರ್ನೌಲಿ, ಮೊತ್ತ ಬೆಳೆದಂತೆ ವರ್ಗಮೂಲಕ್ಕಿಂತಲೂ ನಿಧಾನವಾಗಿ ಏರುವ ಲಾಗರಿದಮ್ ಬಳಸಿದರು. ಸೂತ್ರ ಹಳೆಯದೇ, ಮೊತ್ತದ ಜಾಗದಲ್ಲಿ ವರ್ಗಮೂಲ ಹಾಕಿದರೆ ಆಯಿತು. 32,000ದ ವರ್ಗಮೂಲ ಸುಮಾರು 179, 5,00,000ದ್ದು 707, 10,00,000ದ್ದು 1,000. (707 − 179) ÷ (1,000 − 179) ಅಂದರೆ ಸುಮಾರು 64 ಪರ್ಸೆಂಟ್. ಕೊನೇ ಪ್ರಶ್ನೆಯ ಗೆರೆ 48ರಿಂದ 64ಕ್ಕೆ ಏರಿತು. ಬೇರೆ ಯಾವ ಆಸ್ತಿಯೂ ಇಲ್ಲದವರು ಬರ್ನೌಲಿಯ ಲಾಗರಿದಮ್ ಹಾಕಿದರೆ ಅದು 80ಕ್ಕೆ ಹೋಗುತ್ತದೆ.

ಹಾಗಾಗಿ ಒಂದೇ ಪ್ರಶ್ನೆಗೆ ಕೋಟ್ಯಧೀಶರ ಗೆರೆ ಬೇರೆ, ಸಾಲ ಇರುವವರ ಗೆರೆ ಬೇರೆ. ಮೊತ್ತ ಚಿಕ್ಕದಿದ್ದಾಗ ನೇರ ಸೂತ್ರ ಸಾಕು. ನಿಮ್ಮ ಎರಡು ಮೂರು ವರ್ಷದ ದುಡಿಮೆ ಮೀರಿದ ಮೊತ್ತ ಬಂದರೆ ವರ್ಗಮೂಲಕ್ಕೆ ಬನ್ನಿ. ಇದು ನಾನು ಅಂದಾಜಿಗೆ ಇಟ್ಟ ಮಿತಿ, ಶಾಸ್ತ್ರವೇನಲ್ಲ.

ಹಂತ 3: ನಿಮ್ಮ 'ಖಾತ್ರಿ' ಎಷ್ಟು ನಂಬಿಕೆಗೆ ಯೋಗ್ಯ?

ಗೆರೆ ಎಷ್ಟೇ ಚೆನ್ನಾಗಿ ಎಳೆದರೂ ಇನ್ನೊಂದು ಕಡೆ ಹಾಕುವ ಸಂಖ್ಯೆ ಸುಳ್ಳಾದರೆ ಎಲ್ಲ ವ್ಯರ್ಥ. "ನೂರಕ್ಕೆ ನೂರು ಗೊತ್ತು" ಅಂದವರು ಸೋತು ಎದ್ದು ಹೋಗುವುದನ್ನು ಟಿವಿಯಲ್ಲಿ ಎಷ್ಟು ಸಲ ನೋಡಿಲ್ಲ!

ಅಭ್ಯಾಸ ಹೀಗೆ ಮಾಡಿ. ನಾಲ್ಕು ಆಪ್ಷನ್‌ನ ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ಪಕ್ಕದಲ್ಲಿ ಪರ್ಸೆಂಟ್ ಕೂಡ ಬರೆಯಿರಿ: 25, 40, 55, 70, 85, 95, ಇಷ್ಟೇ ಮೆಟ್ಟಿಲು ಸಾಕು. ಮುನ್ನೂರು ಪ್ರಶ್ನೆ ಆದ ಮೇಲೆ ಒಂದೊಂದು ಮೆಟ್ಟಿಲಲ್ಲೂ ಎಷ್ಟು ಸರಿಯಾಯಿತು ಎಣಿಸಿ. ನೀವು 85 ಅಂದ ಕಡೆ ನಿಜವಾಗಿ 65 ಮಾತ್ರ ಸರಿ ಬಂದಿದ್ದರೆ, ಮುಂದೆ "85 ಇದೆ" ಅನ್ನಿಸಿದಾಗೆಲ್ಲ ಅದನ್ನು 65 ಅಂತ ಓದಿಕೊಳ್ಳಿ.

ಈ ಅಭ್ಯಾಸದ ಪ್ರಗತಿಯನ್ನು ಒಂದೇ ಅಂಕಿಯಲ್ಲಿ ನೋಡಬೇಕಾ? 1950ರಲ್ಲಿ ಗ್ಲೆನ್ ಬ್ರಿಯರ್ ಹವಾಮಾನ ಮುನ್ಸೂಚನೆ ಅಳೆಯಲು ಕೊಟ್ಟ ದಾರಿ ಇಲ್ಲೂ ಕೆಲಸಕ್ಕೆ ಬರುತ್ತದೆ. 80 ಪರ್ಸೆಂಟ್ ಅಂದು ಸರಿಯಾದರೆ 0.2ರ ವರ್ಗ, ಅಂದರೆ 0.04. ತಪ್ಪಾದರೆ 0.8ರ ವರ್ಗ, 0.64. ಎಲ್ಲ ಕೂಡಿಸಿ ಸರಾಸರಿ ತೆಗೆಯಿರಿ. ಕಡಿಮೆ ಬಂದಷ್ಟೂ ಒಳ್ಳೆಯದು. ಜಂಬದ ತಪ್ಪಿಗೆ ಇಲ್ಲಿ ದಂಡ ಜೋರು.

ಹಂತ 4: ಲೈಫ್‌ಲೈನ್ ಯಾವಾಗ, ಯಾವ ಕ್ರಮದಲ್ಲಿ

ಒಂದು ಪ್ರಶ್ನೆ ತಗೊಳ್ಳೋಣ. ತನ್ನ ಸುತ್ತ ತಾನು ಅತಿ ವೇಗವಾಗಿ ಸುತ್ತುವ ಗ್ರಹ ಯಾವುದು? ಎ) ಗುರು ಬಿ) ಶನಿ ಸಿ) ಮಂಗಳ ಡಿ) ಶುಕ್ರ. ದೊಡ್ಡ ಅನಿಲ ಗ್ರಹಗಳು ಜೋರಾಗಿ ಸುತ್ತುತ್ತವೆ ಅನ್ನುವಷ್ಟು ನೆನಪಿದೆ. ಗುರುವೋ ಶನಿಯೋ ಅನ್ನುವುದು ಗೊತ್ತಿಲ್ಲ. ಅಂದರೆ ಎ, ಬಿ ತಲಾ 45, ಸಿ, ಡಿ ತಲಾ 5.

ಈಗ ಫಿಫ್ಟಿ-ಫಿಫ್ಟಿ ತಗೊಳ್ಳಬೇಕಾ? "ಬೇಡಪ್ಪ, ನನಗೆ ಡೌಟ್ ಇರುವ ಎರಡನ್ನೇ ಉಳಿಸಿಬಿಡುತ್ತದೆ" ಅನ್ನುತ್ತಾರೆ ಬಹಳ ಜನ. ಲೆಕ್ಕ ಬೇರೆ ಹೇಳುತ್ತದೆ. ಕಂಪ್ಯೂಟರ್ ಎರಡು ತಪ್ಪು ಉತ್ತರವನ್ನು ಯಾದೃಚ್ಛಿಕವಾಗಿ, ಅಂದರೆ ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ, ತೆಗೆದರೆ ಗುರು-ಶನಿ ಎರಡೂ ಉಳಿಯುವುದು 30 ಪರ್ಸೆಂಟ್ ಸಲ ಮಾತ್ರ. ಏಕೆಂದರೆ ಗುರು ಸರಿಯಾಗಿದ್ದರೆ ಅದರ ಜೊತೆ ಉಳಿಯುವ ತಪ್ಪು ಶನಿಯೇ ಆಗಬೇಕೆಂದಿಲ್ಲ, ಮೂರರಲ್ಲಿ ಒಂದು. ಉಳಿದ ಸಲ ಜೋಡಿ ಮುರಿಯುತ್ತದೆ, ಬಹುತೇಕ ಉತ್ತರವೇ ಸಿಕ್ಕಂತೆ. ಒಟ್ಟು ಸೇರಿಸಿದರೆ ಗೆಲ್ಲುವ ಚಾನ್ಸ್ 45ರಿಂದ ಸುಮಾರು 77ಕ್ಕೆ ಏರುತ್ತದೆ.

ಏನೂ ಗೊತ್ತಿಲ್ಲದಾಗ ಫಿಫ್ಟಿ-ಫಿಫ್ಟಿ 25ನ್ನು 50 ಮಾಡುತ್ತದೆ, 25 ಅಂಕದ ಲಾಭ. ಒಂದರ ಮೇಲೆ 40, ಮಿಕ್ಕವು ತಲಾ 20 ಇದ್ದರೆ 60 ಆಗುತ್ತದೆ, 20ರ ಲಾಭ. ಮೊದಲೇ 80 ಖಾತ್ರಿ ಇದ್ದರೆ ಸುಮಾರು 7 ಅಷ್ಟೇ. ಎರಡರ ನಡುವೆ ಸಿಕ್ಕಿ ಒದ್ದಾಡುವಾಗ ಸಿಗುವ 32 ಎಲ್ಲಕ್ಕಿಂತ ಜಾಸ್ತಿ. ಯಾವಾಗ ಬೇಡ ಅನ್ನಿಸುತ್ತದೋ ಆಗಲೇ ಇದು ಹೆಚ್ಚು ಬೇಕು! ಒಂದು ಎಚ್ಚರಿಕೆ: ಯಾವ ಎರಡು ತೆಗೆಯಬೇಕು ಅಂತ ಶೋದವರೇ ಮೊದಲು ಆರಿಸಿಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ನಿಯಮದ ಪ್ರತಿ ಕೊಟ್ಟಾಗ ಇದನ್ನು ಕೇಳಿ ತಿಳಿದುಕೊಳ್ಳಿ.

ಎರಡು ಹೋದ ಮೇಲೆ ಉಳಿದವುಗಳ ನಡುವಿನ ಅನುಪಾತ ಹಾಗೇ ಇಟ್ಟುಕೊಳ್ಳಿ. 40 ಮತ್ತು 20 ಇದ್ದದ್ದು ಈಗ 67 ಮತ್ತು 33. "ಎರಡೇ ಉಳಿದಿವೆ, ಹಾಗಾಗಿ ಅರ್ಧ-ಅರ್ಧ" ಅನ್ನುವುದು ತಪ್ಪು.

ಆಡಿಯನ್ಸ್ ಪೋಲ್ ಲೆಕ್ಕ ಇನ್ನೂ ಚಂದ. ನೂರು ಜನರಲ್ಲಿ 28 ಜನಕ್ಕೆ ಉತ್ತರ ಗೊತ್ತು ಅಂದುಕೊಳ್ಳಿ. ಮಿಕ್ಕ 72 ಜನ ಗೆಸ್ ಹೊಡೆಯುತ್ತಾರೆ, ಒಂದೊಂದಕ್ಕೆ 18. ಸರಿ ಉತ್ತರಕ್ಕೆ 46, ಮಿಕ್ಕವಕ್ಕೆ 18. ಕಾಲುಭಾಗದಷ್ಟು ಜನಕ್ಕೆ ಗೊತ್ತಿದ್ದರೂ ಉತ್ತರ ಎದ್ದು ಕಾಣುತ್ತದೆ. ಆದರೆ ಎಲ್ಲರೂ ಬರೀ ಗೆಸ್ ಹೊಡೆದರೂ ಒಂದಕ್ಕೆ 21, ಇನ್ನೊಂದಕ್ಕೆ 29 ಬರುವುದು ಮಾಮೂಲು. 30-26-23-21 ಬಂದರೆ ಅದರಲ್ಲಿ ಮಾಹಿತಿಯೇ ಇಲ್ಲ ಅಂತ ತಿಳಿಯಿರಿ. ಮೊದಲೆರಡರ ನಡುವೆ ಹದಿನೈದು ಇಪ್ಪತ್ತರ ಅಂತರ ಇದ್ದರೆ ಆಗ ಕಿವಿಗೊಡಿ. ಎಲ್ಲರೂ ಒಂದೇ ತಪ್ಪು ನಂಬಿಕೆ ಇಟ್ಟುಕೊಂಡಿರುವಂಥ ತಿರುಗುಬಾಣದ ಪ್ರಶ್ನೆ ಬಂದರೆ ಮಾತ್ರ ಅಂತರ ದೊಡ್ಡದಿದ್ದರೂ ಮೋಸ.

ಪೋಲ್‌ಗೆ ಮುಂಚೆ "ನನಗೆ ಬಿ ಅನ್ನಿಸುತ್ತಿದೆ" ಅಂತ ಜೋರಾಗಿ ಹೇಳಬೇಡಿ. ಗುಂಪಿನ ತೀರ್ಪು ಒಬ್ಬೊಬ್ಬರ ತೀರ್ಪಿಗಿಂತ ಮೇಲಾಗುವುದು ಯಾವಾಗ ಅಂತ ಫ್ರಾನ್ಸ್‌ನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ತೋರಿಸಿದ್ದರು. ಅದಕ್ಕಿರುವ ಒಂದು ಷರತ್ತು, ಪ್ರತಿಯೊಬ್ಬರೂ ತಾವಾಗಿ ಯೋಚಿಸಿರಬೇಕು. ನೀವು ಬಾಯಿಬಿಟ್ಟ ಕ್ಷಣ ಗೆಸ್ ಹೊಡೆಯುವವರೆಲ್ಲ ನಿಮ್ಮ ಹಿಂದೆ ಬರುತ್ತಾರೆ, ನಿಮಗೆ ನಿಮ್ಮದೇ ಅಭಿಪ್ರಾಯ ವಾಪಸ್ ಸಿಗುತ್ತದೆ.

ಎರಡೂ ಒಂದೇ ಪ್ರಶ್ನೆಗೆ ಬೇಕಾದರೆ ಪೋಲ್ ಮೊದಲು, ಫಿಫ್ಟಿ-ಫಿಫ್ಟಿ ಆಮೇಲೆ. ಪೋಲ್‌ನಲ್ಲೇ ಉತ್ತರ ಸ್ಪಷ್ಟವಾದರೆ ಇನ್ನೊಂದು ಉಳಿಯುತ್ತದಲ್ವಾ.

ಗೆಳೆಯರಿಗೆ ಫೋನ್ ಮಾಡಿದಾಗ ಉತ್ತರದ ಜೊತೆ "ಎಷ್ಟು ಪರ್ಸೆಂಟ್?" ಅಂತ ಕೇಳಲೇಬೇಕು. ನಿಮಗೆ ಬಿ ಮೇಲೆ 40, ಮಿಕ್ಕವು 20. ಗೆಳೆಯರು ಬಿ 70 ಅಂದರು, ಮಿಕ್ಕವು 10 ಅಂದಹಾಗೆ. ಗುಣಿಸಿ: ಬಿಗೆ 28, ಮಿಕ್ಕವಕ್ಕೆ 2, 2, 2. ಒಟ್ಟು 34ರಲ್ಲಿ 28, ಅಂದರೆ 82 ಪರ್ಸೆಂಟ್. ಇಬ್ಬರೂ ಒಂದೇ ಕಡೆ ಓದಿ ತಿಳಿದುಕೊಂಡಿದ್ದರೆ ಹೀಗೆ ಗುಣಿಸಬಾರದು, ಅದು ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತೆ.

ಅಂದಹಾಗೆ ಉತ್ತರ ಗುರು. ಅಲ್ಲಿ ಒಂದು ದಿನ ಹತ್ತು ಗಂಟೆಗಿಂತ ಸ್ವಲ್ಪ ಕಡಿಮೆ.

ಹಂತ 5: ಬಾಗಿಲು ತೆರೆದವರಿಗೆ ಒಳಗೇನಿದೆ ಅಂತ ಗೊತ್ತಿತ್ತಾ?

ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸುತ್ತೀರಿ. ನಿರೂಪಕರು ಬೇರೆ ಒಂದು ಬಾಗಿಲು ತೆರೆದು ಮೇಕೆ ತೋರಿಸಿ "ಬದಲಿಸುತ್ತೀರಾ?" ಅನ್ನುತ್ತಾರೆ. ಮೊದಲ ಆಯ್ಕೆ ತಪ್ಪಾಗಿರುವ ಚಾನ್ಸ್ ಮೂರರಲ್ಲಿ ಎರಡು, ಆದ್ದರಿಂದ ಬದಲಿಸಿದರೆ ಗೆಲುವೂ ಮೂರರಲ್ಲಿ ಎರಡು. 1963ರಲ್ಲಿ ಶುರುವಾದ 'ಲೆಟ್ಸ್ ಮೇಕ್ ಎ ಡೀಲ್' ಶೋದ ನಿರೂಪಕ ಮಾಂಟಿ ಹಾಲ್ ಹೆಸರಿನ ಈ ಒಗಟನ್ನು ಸ್ಟೀವ್ ಸೆಲ್ವಿನ್ 1975ರಲ್ಲಿ ಬರೆದರು. 1990ರಲ್ಲಿ ಮರಿಲಿನ್ ವೋಸ್ ಸಾವಂತ್ ಅಂಕಣದಲ್ಲಿ ಸರಿಯಾದ ಉತ್ತರ ಕೊಟ್ಟಾಗ ಸಾವಿರಾರು ಜನ ಬೈದು ಪತ್ರ ಬರೆದರು. ಅವರಲ್ಲಿ ಗಣಿತದ ಪ್ರೊಫೆಸರುಗಳೂ ಇದ್ದರು.

ಕಥೆ ನಿಮಗೆ ಗೊತ್ತಿರುತ್ತದೆ. ಅಪಾಯ ಇರುವುದು ಅದನ್ನು ಕಂಡಕಂಡಲ್ಲಿ ಬಳಸುವುದರಲ್ಲಿ. ಬದಲಿಸಿದರೆ ಲಾಭ ಆಗುವುದು ಎರಡು ಕಾರಣಕ್ಕೆ: ನಿರೂಪಕರಿಗೆ ಕಾರು ಎಲ್ಲಿದೆ ಗೊತ್ತು, ಮತ್ತು ಅವರು ನಿಮ್ಮ ಬಾಗಿಲನ್ನು ಎಂದೂ ತೆರೆಯುವುದಿಲ್ಲ. ಫಿಫ್ಟಿ-ಫಿಫ್ಟಿಯಲ್ಲಿ ಕಂಪ್ಯೂಟರ್‌ಗೆ ನಿಮ್ಮ ಮನಸ್ಸಿನ ಆಯ್ಕೆ ಗೊತ್ತಿಲ್ಲ, ಅದನ್ನೂ ತೆಗೆಯಬಹುದಿತ್ತು. ಆದ್ದರಿಂದ ಅಲ್ಲಿ ಬದಲಿಸುವುದರಲ್ಲಿ ಯಾವ ಲಾಭವೂ ಇಲ್ಲ. ದುಡ್ಡಿನ ಒಂದು ಪೆಟ್ಟಿಗೆಯನ್ನು ತಮ್ಮದಾಗಿ ಇಟ್ಟುಕೊಂಡು ಮಿಕ್ಕವನ್ನು ತೆರೆಯುತ್ತಾ ಹೋಗುವ 'ಡೀಲ್ ಆರ್ ನೋ ಡೀಲ್' ಆಟದಲ್ಲಿ ಪೆಟ್ಟಿಗೆ ತೆರೆಯುವವರು ನೀವೇ, ಒಳಗೇನಿದೆ ಅಂತ ತಿಳಿಯದೆ. ಕೊನೆಗೆ ಎರಡು ಪೆಟ್ಟಿಗೆ ಉಳಿದಾಗ ಬದಲಿಸಿದರೂ ಒಂದೇ, ಬಿಟ್ಟರೂ ಒಂದೇ. ಇನ್ನೊಂದು ವಿಷಯ: ನಿಜವಾದ ಶೋದಲ್ಲಿ ಬದಲಿಸುವ ಅವಕಾಶ ಕೊಡಲೇಬೇಕು ಅನ್ನುವ ನಿಯಮ ಮಾಂಟಿ ಹಾಲ್‌ಗೆ ಇರಲಿಲ್ಲ. ನೀವು ಸರಿ ಆರಿಸಿದಾಗ ಮಾತ್ರ ಆಸೆ ತೋರಿಸುವ ನಿರೂಪಕರ ಮುಂದೆ ಬದಲಿಸಿದರೆ ಪ್ರತಿಸಲ ಸೋಲುತ್ತೀರಿ.

ಹಂತ 6: ಬ್ಯಾಂಕರ್ ಆಫರ್

ಅಮೆರಿಕದ 'ಡೀಲ್ ಆರ್ ನೋ ಡೀಲ್'ನಲ್ಲಿ 26 ಪೆಟ್ಟಿಗೆ, ಒಂದು ಸೆಂಟ್‌ನಿಂದ ಹತ್ತು ಲಕ್ಷ ಡಾಲರ್‌ವರೆಗೆ. ಶುರುವಿನಲ್ಲಿ ಸರಾಸರಿ ಸುಮಾರು 1,31,478 ಡಾಲರ್. ಆಟದ ನಡುವೆ ನಾಲ್ಕು ಉಳಿದಿವೆ ಅಂದುಕೊಳ್ಳಿ: 100, 5,000, 50,000, 4,00,000. ಸರಾಸರಿ 1,13,775. ನಿಮ್ಮ ಪೆಟ್ಟಿಗೆ ಬಿಟ್ಟುಕೊಟ್ಟರೆ ಇಷ್ಟು ದುಡ್ಡು ಅಂತ ಆಫರ್ ಕೊಡುವ ಬ್ಯಾಂಕರ್ 90,000 ಕೊಡುತ್ತೇನೆ ಅಂದರು.

ಸರಾಸರಿಗಿಂತ ಕಡಿಮೆ ಇದೆ ಅಂತ "ನೋ ಡೀಲ್" ಅನ್ನುವ ಮುಂಚೆ ಮುಂದಿನ ಪೆಟ್ಟಿಗೆ ತೆರೆದರೆ ಏನಾಗುತ್ತದೆ ನೋಡಿ. ನಾಲ್ಕರಲ್ಲಿ ಮೂರು ಸಲ ಸರಾಸರಿ 1,35,000ದಿಂದ 1,52,000ದ ಆಸುಪಾಸಿಗೆ ಏರುತ್ತದೆ. ಒಂದು ಸಲ ನಾಲ್ಕು ಲಕ್ಷ ಹೋಗಿ 18,367ಕ್ಕೆ ಕುಸಿಯುತ್ತದೆ. ಇಡೀ ಬೋರ್ಡಿನ ಬೆಲೆ ಒಂದೇ ಪೆಟ್ಟಿಗೆಯ ಮೇಲೆ ನಿಂತಿದ್ದರೆ ಡೀಲ್ ಒಪ್ಪುವುದೇ ಜಾಣತನ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಮೊತ್ತ ಎರಡು ಮೂರು ಉಳಿದಿದ್ದರೆ ಮುಂದುವರಿಯಬಹುದು. ಆಟ ಮುಂದೆ ಹೋದಂತೆ ಆಫರ್ ಸರಾಸರಿಗೆ ಹತ್ತಿರ ಬರುತ್ತದೆ. ಆರಂಭದ ಆಫರ್‌ಗಳನ್ನು ನೋಡುವುದೂ ಬೇಡ.

ಈ ಶೋವನ್ನೇ ಇಟ್ಟುಕೊಂಡು ಪೋಸ್ಟ್, ವಾನ್ ಡೆನ್ ಆಸ್ಸೆಮ್, ಬಾಲ್ಟುಸೆನ್ ಮತ್ತು ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಮೊತ್ತ ಕಳೆದುಕೊಂಡ ಸ್ಪರ್ಧಿಗಳು ಆಮೇಲೆ ಒಳ್ಳೆ ಆಫರ್‌ಗಳನ್ನೂ ತಳ್ಳಿಹಾಕಿ ಇನ್ನೂ ಜಾಸ್ತಿ ರಿಸ್ಕ್ ತಗೊಳ್ಳುತ್ತಿದ್ದರು. ಹೋದ ಪೆಟ್ಟಿಗೆ ಹೋಯಿತು. ಬೋರ್ಡ್ ಮೇಲೆ ಈಗ ಏನು ಉಳಿದಿದೆಯೋ ಅಷ್ಟೇ ಲೆಕ್ಕ.

ಹಂತ 7: ಎದುರಾಳಿ ಇದ್ದಾಗ ಪಂತ

ಮೂವರು ಸ್ಪರ್ಧಿಗಳು ಎದುರುಬದುರು ಆಡುವ ಅಮೆರಿಕದ 'ಜೆಪರ್ಡಿ'ಯಂಥ ಆಟದಲ್ಲಿ ಸೂತ್ರವೇ ಬದಲಾಗುತ್ತದೆ. ಅಲ್ಲಿ ಮೊದಲ ಸ್ಥಾನ ಬಂದವರಿಗೆ ಮಾತ್ರ ಗೆದ್ದ ಮೊತ್ತ ಪೂರ್ತಿ ಸಿಗುತ್ತದೆ. 2019ರಲ್ಲಿ ಸತತ 32 ಆಟ ಗೆದ್ದು 24 ಲಕ್ಷ ಡಾಲರ್‌ಗಿಂತ ಜಾಸ್ತಿ ಗಳಿಸಿದ ಜೇಮ್ಸ್ ಹೋಲ್ಜ್‌ಹೌರ್ ವೃತ್ತಿಯಿಂದ ಜೂಜುಗಾರ. ಬೋರ್ಡಿನ ಕೆಳಗಿನ ದೊಡ್ಡ ಮೊತ್ತಗಳಿಂದ ಶುರುಮಾಡಿ, ಕೈಯಲ್ಲಿ ಹಣ ಸೇರಿಸಿಟ್ಟುಕೊಂಡು, 'ಡೈಲಿ ಡಬಲ್' (ಇದ್ದ ಹಣವನ್ನು ಪಂತಕ್ಕಿಡಬಹುದಾದ ಪ್ರಶ್ನೆ) ಸಿಕ್ಕಾಗ ದೊಡ್ಡ ಪಂತ ಕಟ್ಟುತ್ತಿದ್ದರು.

ಕೊನೇ ಸುತ್ತಿನ ಪಂತ ಹತ್ತಿರದಿಂದ ನೋಡೋಣ. ಅಲ್ಲಿ ಹಾಕಿದ ಮೊತ್ತ ಉತ್ತರ ಸರಿಯಾದರೆ ಸೇರುತ್ತದೆ, ತಪ್ಪಾದರೆ ಕಳೆಯುತ್ತದೆ. ಮೊದಲನೆಯವರ ಬಳಿ 20,000, ಎರಡನೆಯವರ ಬಳಿ 14,000, ಮೂರನೆಯವರ ಬಳಿ 6,000. ಎರಡನೆಯವರು ಎಲ್ಲ ಹಾಕಿ ಗೆದ್ದರೆ 28,000. ಆದ್ದರಿಂದ ಮೊದಲನೆಯವರು 8,001 ಹಾಕುತ್ತಾರೆ. ಸರಿಯಾದರೆ 28,001, ಯಾರೂ ಮುಟ್ಟಲಾಗದು. ತಪ್ಪಾದರೆ 11,999.

ಈಗ ಎರಡನೆಯವರ ಜಾಗದಲ್ಲಿ ಕೂತುಕೊಳ್ಳಿ. ಎಲ್ಲವನ್ನೂ ಹಾಕಿದರೆ ಗೆಲ್ಲಲು ಎರಡು ನಡೆಯಬೇಕು: ಅವರು ತಪ್ಪಬೇಕು, ನೀವು ಸರಿ ಹೇಳಬೇಕು. ಸೊನ್ನೆ ಹಾಕಿದರೆ? 14,000 ಹಾಗೇ ಉಳಿಯುತ್ತದೆ. ಅವರು ತಪ್ಪಿದರೆ ಸಾಕು, ನಿಮ್ಮ ಉತ್ತರ ಏನೇ ಇರಲಿ ಗೆಲುವು ನಿಮ್ಮದೇ. ಮೂರನೆಯವರು ಎಲ್ಲ ಹಾಕಿದರೂ 12,000 ದಾಟುವುದಿಲ್ಲ. ಕಷ್ಟದ ಪ್ರಶ್ನೆ ಇಬ್ಬರಿಗೂ ಕಷ್ಟವೇ ಆಗಿರುವುದರಿಂದ ಅವರು ತಪ್ಪಿ ನೀವು ಸರಿ ಹೇಳುವುದು ಅಪರೂಪ. ಆದ್ದರಿಂದ ಇಲ್ಲಿ ಧೈರ್ಯದ ಪಂತಕ್ಕಿಂತ ಸೊನ್ನೆ ಎಷ್ಟೋ ಮೇಲು.

ಮೂರನೆಯವರ ಬಳಿ 6,000ದ ಬದಲು 7,500 ಇದ್ದರೆ ಮಾತ್ರ ಸೊನ್ನೆ ಸಾಲದು, ಅವರು 15,000 ಮುಟ್ಟಬಹುದು. ಆಗ 1,001ರಿಂದ 2,000ದ ಒಳಗೆ ಹಾಕಿ. ಸರಿಯಾದರೆ 15,000 ದಾಟುತ್ತೀರಿ, ತಪ್ಪಾದರೂ 12,000ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮೊದಲನೆಯವರ 11,999ಕ್ಕಿಂತ ಒಂದು ಡಾಲರಾದರೂ ಮೇಲೇ ಇರುತ್ತೀರಿ.